ಕೋರಂ

ಕೊಪಿಯಾಪೊ ಊರಲ್ಲಿ, ನಟ್ಟು ಬೋಲ್ಟು ಮಾರುವ ಅಂಗಡಿಯ ಮೇಲೆ
ನಮ್ಮ ಸಂಘ, ಪ್ರಾಂತದ ಭೂವಿಜ್ಞಾನಿಗಳದ್ದು.
ಸದಸ್ಯರು ಮೂವತ್ತನಾಲ್ಕು, ಕುರ್ಚಿ ಇಪ್ಪತ್ತಾರು,
ಒಂದು ಕಪಾಟು. ಅದರ ಬೀಗದ ಕೈ
ಹಿಂದಿನ ಖಜಾಂಚಿಯ ಜೇಬಿನಲ್ಲಿ ಪೆರುವಿಗೆ ಹೋಗಿದೆ.
ನಾನು ಹಿಮೇನಾ ಬರ್ರಾಸಾ, ಕಾರ್ಯದರ್ಶಿ, ಒಂಬತ್ತು ವರ್ಷದಿಂದ.

ನಾವು ಸೇರಿದರೆ ಕೋಟಿ ವರ್ಷಗಳ ಮಾತು ಅಂದುಕೊಂಡಿದ್ದಾರೆ ಜನ.
ಇಲ್ಲ ಸ್ವಾಮಿ. ಚಂದಾ ಬಾಕಿ, ಮೊಹರಿನ ಮಸಿ,
ಸೆಪ್ಟೆಂಬರಿನ ಪ್ರವಾಸಕ್ಕೆ ಬಸ್ಸಿನವ ಕೇಳಿದ ಮುಂಗಡ.
ಸುಣ್ಣಕಲ್ಲಿನ ವಯಸ್ಸು ಹತ್ತು ಲಕ್ಷ ವರ್ಷ
ಆಚೀಚೆಯಾದರೂ ನಕ್ಕು ಸುಮ್ಮನಿರುವವರು
ಸಭೆ ಹತ್ತು ನಿಮಿಷ ತಡವಾದರೆ ಗಡಿಯಾರ ತಟ್ಟುತ್ತಾರೆ.

ಆ ಶುಕ್ರವಾರ ವಿಷಯ ನಾಲ್ಕು:
ನಿಬಾಲ್ದೊ ಒಸ್ಸಾಂದೋನ್ ಅವರ ಸದಸ್ಯತ್ವ.
ಗಣಿಯ ಕೆಸರುಕಟ್ಟೆ ಕೆಳಗಿನ ಇಳಿಜಾರನ್ನು
ನೋಡದೆ, ‘ನೋಡಿದೆ, ಭದ್ರವಾಗಿದೆ’ ಎಂದು ಬರೆದು
ನಮ್ಮ ಮೊಹರು ಒತ್ತಿದ್ದರು.
ಅವತ್ತು ಸೊಂಟ ಹಿಡಿದಿತ್ತಂತೆ.
ಮೂವತ್ತು ವರ್ಷ ನೋಡಿದ ಗುಡ್ಡ, ಕಣ್ಣು ಮುಚ್ಚಿದರೂ ಕಾಣುತ್ತದಂತೆ.

ಮೇ ತಿಂಗಳಲ್ಲಿ ಗುಡ್ಡ ಜಾರಿತು.
ಮನುಷ್ಯರು ಸಾಯಲಿಲ್ಲ.
ದೋನ್ಯಾ ಎದುವಿಹಿಸ್‌ರ ಮೂವತ್ತೊಂದು ಆಡು, ಒಂದು ನಾಯಿ.
ನನ್ನ ಮೇಜಿನೆದುರು ನಿಂತು ಒಂದೊಂದರ ಹೆಸರೂ ಹೇಳಿದರು.
ಸಂಖ್ಯೆ ಸಾಕು, ಅಂದೆ ನಾನು.

ಉಪ್ಪು ತಿಂದವ ನೀರು ಕುಡಿಯಲೇಬೇಕು, ಅಂದರು ಯಾರೋ ಮೆಟ್ಟಿಲಲ್ಲಿ.
ಈ ನೆಲದಲ್ಲಿ ಉಪ್ಪಿಗೇನು ಬರ?
ನೀರೆಲ್ಲಿ ಅನ್ನುವುದನ್ನು ಮಾತ್ರ ಹೇಳಲಿಲ್ಲ.

ನಮ್ಮ ನಿಯಮ: ಮೂರರಲ್ಲೊಂದು ಪಾಲು ಹಾಜರಿರಬೇಕು.
ಮೂವತ್ತನಾಲ್ಕಕ್ಕೆ ಹನ್ನೊಂದು, ಮೇಲೊಂದು ಚೂರು.
ಚೂರು ಮನುಷ್ಯ ಇಲ್ಲವಾದ್ದರಿಂದ ಹನ್ನೆರಡು.
ಬಂದವರು ಹನ್ನೊಂದು.
ಒಬ್ಬರಿಗೆ ರಾತ್ರಿ ಪಾಳಿ, ಒಬ್ಬರಿಗೆ ಮನೆಯಲ್ಲಿ ನೆಂಟರು,
ಇಬ್ಬರಿಗೆ ಒಂದೇ ಜ್ವರ.
ಬಂದವರ ಮುಖದಲ್ಲೂ, ಸುಳ್ಳೇಕೆ, ಒಂದು ನೆಮ್ಮದಿ:
ಕೋರಂ ಇಲ್ಲ, ಮುಂದೂಡಿದರಾಯಿತು.
ಮುಂದೂಡುವುದು ನಮ್ಮ ಕುಲಕಸುಬು.
ಬೆಟ್ಟಗಳೇ ಅವಸರ ಮಾಡುವುದಿಲ್ಲ,
ಆ ಒಂದು ಬೆಟ್ಟ ಬಿಟ್ಟು.

ಆಗ ಕೆಳಗೆ ಊರುಗೋಲಿನ ಸದ್ದು.
ಮೆಟ್ಟಿಲಿಗೊಂದು ಸಲ ನಿಂತು, ಉಸಿರೆಳೆದು, ಮತ್ತೆ ಒಂದು.
ಕಲ್ಲನ್ನು ನಾಲಿಗೆಗೆ ತಾಗಿಸು, ಅಂಟಿದರೆ ಜೇಡಿ ಎಂದು
ನಮ್ಮಲ್ಲಿ ಅರ್ಧ ಜನಕ್ಕೆ ಕಲಿಸಿದವರು
ಬಂದು, ಹಾಜರಿ ಪುಸ್ತಕ ತಮ್ಮತ್ತ ತಿರುಗಿಸಿಕೊಂಡು
ಸಹಿ ಹಾಕಿದರು. ಹಿಂದಿನ ಸಾಲಲ್ಲಿ ಕೂತರು.
‘ಬರಕೋ ಹುಡುಗಿ. ಈಗ ಹನ್ನೆರಡು.’

ಯಾರೂ ಯಾರನ್ನೂ ನೋಡಲಿಲ್ಲ.
ಕೆಳಗೆ ಅಂಗಡಿಯವ ಬಾಗಿಲು ಎಳೆದ, ತಗಡು ಗುಡುಗಿತು.

ನಡಾವಳಿಯಲ್ಲಿ ಇರುವುದು ಇಷ್ಟೇ:
ವಿಷಯ ನಾಲ್ಕು, ಅಂಗೀಕಾರ.
ಪರ ಎಂಟು, ತಟಸ್ಥ ಮೂರು, ವಿರುದ್ಧ ಒಂದು.
ವಿರುದ್ಧ ಎತ್ತಿದ ಕೈ ಅವರದೇ. ನೆಟ್ಟಗೆ, ಮೇಲಕ್ಕೆ,
ತರಗತಿಯಲ್ಲಿ ಉತ್ತರ ಗೊತ್ತಿದ್ದ ಹುಡುಗನ ಹಾಗೆ.
ಎಂಟನೆಯ ಕೈ ನನ್ನದು.
ಎತ್ತುವ ಮುಂಚೆ ಪೆನ್ನು ಕೆಳಗಿಟ್ಟೆ.

ಆಮೇಲೆ ಚಹಾ. ಎಲ್ಲರಿಗೂ ಏನೋ ಕೆಲಸ ನೆನಪಾಯಿತು.
ಅವರೊಬ್ಬರೇ ಉಳಿದು ಕೇಳಿದರು:
‘ಈ ವರ್ಷದ ಚಂದಾ ನಾನು ಕಟ್ಟಿಲ್ಲ ಅಲ್ಲವಾ?’
ಕಟ್ಟಬೇಕಿಲ್ಲ ಅನ್ನಲು ಬಾಯಿ ತೆರೆದೆ.
ನೋಟು ಆಗಲೇ ಮೇಜಿನ ಮೇಲಿತ್ತು.
ರಸೀದಿ ಹರಿದೆ. ಚಿಲ್ಲರೆ ಇರಲಿಲ್ಲ.
‘ಇರಲಿ, ಬಸ್ಸಿನವನ ಮುಂಗಡಕ್ಕೆ ಹಾಕು.’
ಇಳಿಯುವಾಗ ಮೆಟ್ಟಿಲಿಗೆ ಎರಡು ಸಲ ನಿಂತರು.

ಕಲ್ಲೂ ನೀರೂ ಕರಗುವ ಹೊತ್ತಿನವರೆಗೆ
ಕೂತು ಪುಸ್ತಕ ತಿದ್ದಿದೆ.
ಮೂವತ್ತನಾಲ್ಕು ಹೊಡೆದು ಮೂವತ್ತಮೂರು.
ಮೂರರಲ್ಲೊಂದು ಪಾಲು ಹನ್ನೊಂದು.
ಸರಿಯಾಗಿ, ಚೂರಿಲ್ಲದೆ.
ಇನ್ನು ಮೇಲೆ ಹನ್ನೊಂದು ಜನ ಬಂದರೆ ಸಾಕು.